ಸವತಿಯ ಕಾವಲು

ಜನವರಿ ೧೧

ಮಧ್ಯಾಹ್ನದ ಊಟವಾಗಿ ವಾರ್ಡು ತಣ್ಣಗಾಗಿದೆ. ನನ್ನ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಅವಳು ಮಲಗಿದ್ದಾಳೆ, ಸಣ್ಣಗೆ ಗೊರಕೆ ಬೇರೆ. ಇಂಥ ದಿನ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ಅವರ ಬಾಯಿಗೆ ಮೆಣಸಿನಪುಡಿ ತುಂಬುತ್ತಿದ್ದೆ.

ಅವಳ ಹೆಸರು ಲಮ್ದುವಾನ್. ನನ್ನ ಗಂಡ ಥವಿನ್ ಆರು ವರ್ಷದಿಂದ ಇಟ್ಟುಕೊಂಡಿರುವ ಕಿರಿಹೆಂಡತಿ. ಸಂತೆಯಲ್ಲಿ ಪ್ಲಾರಾ ಮಾರುತ್ತಾಳೆ. ಉಪ್ಪು, ತೌಡು ಹಾಕಿ ಜಾಡಿಯಲ್ಲಿ ಕೊಳೆಸಿದ ಆ ಮೀನಿಲ್ಲದೆ ನಮಗ್ಯಾರಿಗೂ ತುತ್ತು ಇಳಿಯುವುದಿಲ್ಲ, ನಿಜ. ಆದರೆ ಆ ವಾಸನೆಯ ಕೈ ನನ್ನ ಗಂಡನ ಹೆಗಲ ಮೇಲಿರುವುದನ್ನು ನೆನೆಸಿಕೊಳ್ಳುವುದು ಬೇರೆ ಮಾತು. ಹೆಸರು ಒಂದು ಸಲ ಬರೆದಾಯಿತು. ಇನ್ನು ಬರೆಯುವುದಿಲ್ಲ.

ಇದು ಹೆಂಗಸರ ವಾರ್ಡು. ಸಂಜೆಯಾದ ಮೇಲೆ ಗಂಡಸರು ಇರುವ ಹಾಗಿಲ್ಲ, ರೋಗಿಯ ಜೊತೆ ಹೆಂಗಸೊಬ್ಬಳು ಇರಲೇಬೇಕು. ನನ್ನ ಮಗಳು ನಿಪಾ ದೂರದ ರಯೋಂಗ್‌ನಲ್ಲಿ ಹೆತ್ತು ಇನ್ನೂ ಬಾಣಂತಿ. ನಾದಿನಿ ಕೇಸೊನ್‌ಗೆ ಮಂಡಿನೋವು. ಮದುವೆಮನೆಯಲ್ಲಿ ಕುಣಿಯುವಾಗ ಇಲ್ಲದ ಮಂಡಿನೋವು. ಥವಿನ್‌ಗೆ ಕಬ್ಬಿನ ಕಾಲ, ಲಾರಿ ಸಕ್ಕರೆ ಕಾರ್ಖಾನೆಯ ಸಾಲಿನಲ್ಲಿ ನಿಂತಿದೆ. "ದುವಾನ್ ಬರ್ತಾಳೆ ಬಿಡು" ಎಂದ, ಅಕ್ಕಿಚೀಲ ಕಳಿಸುವವನ ಹಾಗೆ. ನಾನು ಜ್ವರದಲ್ಲಿದ್ದೆ. ಬೇಡ ಎನ್ನುವಷ್ಟು ಉಸಿರು ಇರಲಿಲ್ಲ.

ಹೊಸ ವರ್ಷದ ಮರುದಿನದಿಂದ ನಾನು ಹಳದಿ. ಕಣ್ಣು, ಉಗುರು, ಅಂಗೈ ಎಲ್ಲ ಅರಿಶಿನ. ಮೈಯೆಲ್ಲ ಕೆರೆತ. ಉಚ್ಚೆ ಕಾಫಿಯ ಬಣ್ಣ. ನಮ್ಮ ಸೀಮೆಯಲ್ಲಿ ಯಾರಾದರೂ ಹಳದಿಯಾದರೆ ಎಲ್ಲರ ಯೋಚನೆಯೂ ಒಂದೇ ಕಡೆ ಓಡುತ್ತದೆ: ಹಸಿ ಮೀನು ಕೊಚ್ಚಿ ಹುಳಿ ಹಿಂಡಿದ ಕೊಯ್ ತಿಂದದ್ದು, ಪಿತ್ತನಾಳದಲ್ಲಿ ಹುಳ, ಆಮೇಲೆ ಆ ರೋಗ. ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಅಪ್ಪ ಹೋದದ್ದೂ ಅದರಲ್ಲೇ.

ನಾನು ಸತ್ತರೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ನಾನಿರುವ ಮನೆ ನನ್ನ ಅಮ್ಮನದು, ಅವಳ ಅಮ್ಮನದು. ಥವಿನ್ ನಮ್ಮೂರಿನ ಎಲ್ಲ ಗಂಡಸರಂತೆ ಮದುವೆಯಾಗಿ ಹೆಂಡತಿಯ ಮನೆಗೆ ಬಂದವನು. ನನ್ನ ಹೆಣ ಸುಟ್ಟ ಬೂದಿ ಆರುವ ಮೊದಲೇ ಇವಳು ನನ್ನ ಅಡುಗೆಮನೆಯಲ್ಲಿ ಪ್ಲಾರಾ ಜಾಡಿ ತಂದಿಡುತ್ತಾಳೆ. ನನ್ನ ಹೊಲಿಗೆ ಯಂತ್ರದ ಮೇಲೆ ಬಟ್ಟೆ ಒಣಗಿಸುತ್ತಾಳೆ.

ಪಕ್ಕದ ಹಾಸಿಗೆಯವಳು ಅವಳನ್ನು ಕೇಳಿದಳು, "ನೀನು ಇವರ ತಂಗೀನಾ?"

"ಹೂಂ, ತಂಗಿ" ಎಂದಳು. ನಾಚಿಕೆಯಿಲ್ಲದವಳು.

ಜನವರಿ ೧೩

ಬಾಯಿಂದ ಕೊಳವೆ ಇಳಿಸಿ ಏನೋ ಮಾಡಿದರು. ಒಳಗೊಂದು ಕಲ್ಲೂ ಇದೆಯಂತೆ, ಅದನ್ನು ಎಳೆದು ತೆಗೆಯಬಹುದು ಎಂದುಕೊಂಡಿದ್ದರಂತೆ, ಆಗಲಿಲ್ಲವಂತೆ. ಪಿತ್ತ ಹರಿದುಹೋಗಲಿ ಎಂದು ಒಳಗೆ ಸಣ್ಣ ನಳಿಕೆಯೊಂದನ್ನು ಬಿಟ್ಟು ಬಂದಿದ್ದಾರೆ. ಗಂಟಲು ಉರಿ. ಅವಳು ಚಮಚದಲ್ಲಿ ನೀರು ಕೊಟ್ಟಳು. ಕುಡಿದೆ. ಬಾಯಾರಿತ್ತು, ಅಷ್ಟೆ.

ಜನವರಿ ೧೪

ಜ್ವರ ಇಳಿದಿದೆ. ಸಿಟ್ಟು ಮಾಡಿಕೊಳ್ಳಲು ಶಕ್ತಿ ಬಂದಿದೆ.

ಬಂದು ನಾಲ್ಕು ದಿನವಾಗಿಲ್ಲ, ಇಡೀ ವಾರ್ಡು ಅವಳ ಬಳಗ. ನರ್ಸ್ ಒರಾಪಿನ್ ನನ್ನ ಹತ್ತಿರ ಬಂದರೆ "ದೊಡ್ಡಮ್ಮ, ಕೈ ಚಾಚಿ" ಎಂದು ಎರಡು ಮಾತಿನಲ್ಲಿ ಮುಗಿಸುತ್ತಾಳೆ. ಅದೇ ನರ್ಸ್ ಅವಳ ಹತ್ತಿರ ಹೋಗಿ ತನ್ನ ಗಂಡನ ಮನೆಯ ಗೋಳೆಲ್ಲ ಹೇಳಿಕೊಳ್ಳುತ್ತಾಳೆ. ಕಿಟಕಿ ಪಕ್ಕದ ಮುದುಕಿಗೆ ಇವಳು ತಲೆ ಬಾಚಿದಳು. ಎದುರಿನವಳಿಗೆ ಬಿಸಿನೀರು ತಂದುಕೊಟ್ಟಳು. ಎಲ್ಲರೂ "ದುವಾನ್, ದುವಾನ್". ರೋಗಿ ನಾನು, ಹಳದಿ ನಾನು, ಕೇಳುವವರು ಅವಳನ್ನು.

ಕನ್ನಡಿ ಇಲ್ಲದಿದ್ದರೂ ನನಗೆ ಗೊತ್ತು ನಾನು ಹೇಗಿದ್ದೇನೆಂದು. ಅವಳಿಗೆ ನಲವತ್ತೊಂದು. ಕೂದಲು ಇನ್ನೂ ದಪ್ಪ. ಬಗ್ಗಿ ಚಾಪೆ ಸುತ್ತುವಾಗ ಸೊಂಟ ಹಿಡಿದುಕೊಳ್ಳುವುದಿಲ್ಲ. ಇದನ್ನೆಲ್ಲ ಯಾಕೆ ಗಮನಿಸುತ್ತೇನೋ.

ಜನವರಿ ೧೭

ಥವಿನ್ ಬಂದಿದ್ದ. ಬಾಗಿಲಲ್ಲಿ ನಿಂತು ಮೊದಲು ನೋಡಿದ್ದು ಅವಳನ್ನು. ಆಮೇಲೆ ನನ್ನನ್ನು. ಸುಳ್ಳಲ್ಲ, ನಾನು ಅವನ ಕಣ್ಣನ್ನೇ ಕಾಯುತ್ತಿದ್ದೆ.

"ಹೆಂಗಿದೀಯಾ?" ಎಂದು ನನ್ನನ್ನು ಕೇಳಿದ. "ಊಟ ಆಯ್ತಾ?" ಎಂದು ಅವಳನ್ನು ಕೇಳಿದ. ಗಂಡಸಿಗೆ ಎರಡು ಪ್ರಶ್ನೆಗಳಲ್ಲಿ ಯಾವುದನ್ನು ಯಾರಿಗೆ ಕೊಡಬೇಕು ಎಂದು ಗೊತ್ತಾಗುವುದಿಲ್ಲವೇ? ಎಲ್ಲ ಗೊತ್ತಾಗುತ್ತದೆ.

ಅವನ ಹಿಂದೆಯೇ ಕೇಸೊನ್. ಮಂಡಿನೋವು ಮರೆತು ಮೆಟ್ಟಿಲು ಹತ್ತಿ ಬಂದಿದ್ದಾಳೆ. ಚೀಲದಿಂದ ನನ್ನ ಫೋಟೋ ತೆಗೆದಳು, ನೀಲಿ ಕುಪ್ಪಸದ್ದು. "ಇದನ್ನ ದೊಡ್ಡದು ಮಾಡಿಸೋದಾ, ಇಲ್ಲ ನಿಪಾ ಮದುವೇದಾ ಅತ್ತಿಗೆ? ಇದರಲ್ಲಿ ಮುಖ ತುಂಬಿಕೊಂಡಿದೆ." ಹೆಣದ ಮುಂದೆ ಇಡುವ ಫೋಟೋ. ನನ್ನನ್ನೇ ಕೇಳುತ್ತಿದ್ದಾಳೆ, ಪುಣ್ಯಾತ್ಗಿತ್ತಿ.

"ನಿನ್ನದೂ ಒಂದು ದೊಡ್ಡದು ಮಾಡಿಸು, ಎರಡಕ್ಕೂ ಸೇರಿ ಕಡಿಮೆ ಆಗುತ್ತೆ" ಎಂದೆ. ಮಂಚದ ಕಾಲ ಬಳಿ ಅವಳು ನಕ್ಕಳು. ನನ್ನ ಮಾತಿಗೆ ಅವಳು ನಗಬೇಕಾಗಿರಲಿಲ್ಲ.

ಕೇಸೊನ್ ದನಿ ತಗ್ಗಿಸಿ ಅಣ್ಣನಿಗೆ ಹೇಳಿದಳು, "ಜ್ವರ ಬಿಟ್ಟಿದೆ, ಹಳದೀನೂ ಸ್ವಲ್ಪ ಇಳಿದಿದೆ. ಈಗಲೇ ಮನೆಗೆ ಕರ್ಕೊಂಡು ಹೋಗೋಣ. ಇಲ್ಲಿದ್ದರೆ ಇವರು ಕುಯ್ಯೋದೇ. ಕುಯ್ದರೆ ಗಾಳಿ ತಾಕುತ್ತೆ, ಗಾಳಿ ತಾಕಿದರೆ ಆ ರೋಗ ಹಬ್ಬುತ್ತೆ. ನಮ್ಮ ಚಿಕ್ಕಪ್ಪನ್ನ ಕುಯ್ದ ಮೇಲೆ ಹದಿನೈದು ದಿನ ಇದ್ದನಾ?"

ಥವಿನ್ ತಲೆಯಾಡಿಸಿದ. ನನಗೂ ಅದೇ ಸರಿ ಅನ್ನಿಸಿತು. ಅಪ್ಪನನ್ನು ಕುಯ್ದ ಮೇಲೂ ಹಾಗೇ ಆಗಿತ್ತು.

ಜನವರಿ ೧೮

ಡಾಕ್ಟರ್ ವಿಟೂನ್ ಬಂದು ಮಂಚದ ಅಂಚಿನಲ್ಲಿ ಕುಳಿತರು. ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವರಿರಬಹುದು, ಅಷ್ಟೆ.

"ನೋಡಿ ದೊಡ್ಡಮ್ಮ, ಪಿತ್ತಕೋಶದ ಕುತ್ತಿಗೇಲಿ ದೊಡ್ಡ ಕಲ್ಲು ಸಿಕ್ಕಿಕೊಂಡಿದೆ. ಅದು ಪಕ್ಕದ ಪಿತ್ತನಾಳವನ್ನ ಒತ್ತಿ ಒತ್ತಿ ಗೋಡೆ ಸವೆಸಿದೆ. ತೂತೇ ಆಗಿರೋ ಹಾಗೆ ಕಾಣುತ್ತೆ. ಕಲ್ಲಿನ ಕಾಯಿಲೆ ಇರೋರಲ್ಲಿ ನೂರಕ್ಕೆ ಒಬ್ಬರಿಗೆ ಹೀಗಾಗುತ್ತೆ."

ನೂರಕ್ಕೆ ಒಬ್ಬರು. ಹೇಳಬಾರದು, ಕೇಳಿ ಸ್ವಲ್ಪ ಜಂಬವಾಯಿತು. ಪಕ್ಕದ ಹಾಸಿಗೆಯವಳದು ಬರೀ ಸಾಮಾನ್ಯ ಕಲ್ಲು.

"ಆ ರೋಗ ಅಲ್ಲವಾ ಹಾಗಾದರೆ?" ಎಂದೆ.

"ಅಲ್ಲ ಅಂತ ಈಗಲೇ ಮಾತು ಕೊಡಲ್ಲ. ರಕ್ತದ ಪರೀಕ್ಷೆ ಅನುಮಾನ ಹುಟ್ಟಿಸೋ ಹಾಗೇ ಇದೆ. ಆದರೆ ಇಂಥ ಕಲ್ಲಿಗೂ ಹಾಗೇ ಬರುತ್ತೆ. ಒಳಗೆ ಹೋಗಿ ನೋಡಿ, ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ ಮೇಲೇ ಗೊತ್ತಾಗೋದು. ಕಲ್ಲು ಹೀಗೇ ಬಿಟ್ಟರೆ ಮಾತ್ರ ಮತ್ತೆ ಕೀವು, ಮತ್ತೆ ಜ್ವರ. ಮುಂದಿನ ಸಲ ಉಳಿಸಿಕೊಳ್ಳೋದು ಕಷ್ಟ."

ಇಂಥದ್ದಕ್ಕೆ ಹಿಂದೆಲ್ಲ ಹೊಟ್ಟೆಯನ್ನು ಪೂರ್ತಿ ತೆರೆಯುತ್ತಿದ್ದರಂತೆ. ಇವರು ನಾಲ್ಕು ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ ಇಳಿಸಿ, ಉಳಿದವುಗಳಲ್ಲಿ ಉದ್ದನೆಯ ಕತ್ತರಿ ಇಳಿಸಿ ಮಾಡುತ್ತಾರಂತೆ. "ಒಂದೊಂದು ತೂತೂ ಶರಟಿನ ಕಾಜದಷ್ಟು" ಎಂದರು, ನಾನು ಶಾಲೆಯ ಮಕ್ಕಳ ಬಟ್ಟೆ ಹೊಲಿಯುವವಳೆಂದು ಗೊತ್ತಾಗಿ. ಅಂಟಿಕೊಂಡದ್ದು ಬಿಡಿಸಲು ಆಗದಿದ್ದರೆ ಹಠ ಮಾಡುವುದಿಲ್ಲ, ತೆರೆಯುತ್ತೇನೆ ಎಂದೂ ಹೇಳಿದರು. ಮಾತು ನೇರವಾಗಿತ್ತು. ನಾನು ಹೂಂ ಎನ್ನುವವಳೇ ಇದ್ದೆ.

ಅಷ್ಟರಲ್ಲಿ ಅವಳು ಕೇಳಿದಳು, "ಅಷ್ಟು ಸಣ್ಣ ತೂತಲ್ಲಿ ಒಳಗೆ ಕಾಣೋದು ಹೆಂಗೆ ಡಾಕ್ಟ್ರೇ?"

"ಹೊಟ್ಟೆಗೆ ಗಾಳಿ ತುಂಬಿ ಉಬ್ಬಿಸ್ತೀವಿ" ಎಂದರು ಡಾಕ್ಟರ್.

ಗಾಳಿ ತಾಕಿದರೆ ಹಬ್ಬುವ ರೋಗಕ್ಕೆ ಇವರೇ ಗಾಳಿ ತುಂಬುತ್ತಾರಂತೆ. ಬೇಡ ಎಂದೆ. ಡಾಕ್ಟರ್ ಬೇಕಾದಷ್ಟು ಹೇಳಿದರು. ನಾನು ಗೋಡೆ ಕಡೆ ತಿರುಗಿ ಮಲಗಿದೆ.

ಅವರು ಹೋದ ಮೇಲೆ ಅವಳು ಶುರುಮಾಡಿದಳು. "ಮಾಡಿಸ್ಕೋ ಅಕ್ಕ. ಒಳ್ಳೇ ಡಾಕ್ಟ್ರು ಕಣೇ. ಮಾಡಿಸ್ಕೋ."

ಆಗ ಎಲ್ಲ ಅರ್ಥವಾಯಿತು. ಇಡೀ ಮನೆತನವೇ ಬೇಡ ಎನ್ನುವಾಗ ಇವಳೊಬ್ಬಳಿಗೆ ಮಾತ್ರ ನನ್ನ ಹೊಟ್ಟೆಗೆ ಗಾಳಿ ತುಂಬಿಸುವ ಅವಸರ. ನೀರು ಕುಡಿಸಿದ್ದು, ಮೈ ಒರೆಸಿದ್ದು, ಎಲ್ಲ ಇದಕ್ಕೇ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದರೆ ಯಾರಿಗೂ ಕಾಣುವುದಿಲ್ಲ ಎಂದುಕೊಂಡಿದೆ.

ಜನವರಿ ೨೦

ನಾಳೆ ಮನೆಗೆ ಕರೆದುಕೊಂಡು ಹೋಗುತ್ತೇನೆಂದು ಥವಿನ್ ಫೋನ್ ಮಾಡಿದ್ದ. ನಾನು ಬಟ್ಟೆ ಮಡಿಸುತ್ತಿದ್ದೆ. ಬೆಳಿಗ್ಗೆಯಿಂದ ಕಾಣೆಯಾಗಿದ್ದ ಅವಳು ಬಂದು ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡಳು.

"ಡಾಕ್ಟ್ರ ಹತ್ರ ಹೋಗಿದ್ದೆ. ಅವರು ತುಂಬೋ ಗಾಳಿ ಸೋಡಾದಲ್ಲಿರೋ ಗಾಳಿಯಂತೆ. ಕೆಲಸ ಮುಗಿದ ಮೇಲೆ ವಾಪಸ್ ತೆಗೀತಾರಂತೆ. ಉಳಿದಿದ್ದು ಎರಡು ದಿನ ಭುಜ ನೋಯಿಸಿ ಹೋಗುತ್ತಂತೆ. ಸೋಡಾ ಕುಡಿದು ನಮ್ಮೂರಲ್ಲಿ ಯಾರು ಸತ್ತಿದಾರೆ, ಹೇಳು. ಗಾಳಿ ತಾಕಿದ್ದಕ್ಕೆಲ್ಲ ಆ ರೋಗ ಹಬ್ಬಲ್ಲ. ಜನ ಅದು ಹಬ್ಬಿದ ಮೇಲೇ ಆಸ್ಪತ್ರೆಗೆ ಬರ್ತಾರೆ, ಕುಯ್ದು ನೋಡಿ ಏನೂ ಮಾಡಕ್ಕಾಗಲ್ಲ ಅಂತ ಹೊಲೀತಾರೆ, ಅದಕ್ಕೆ ಸಾಯ್ತಾರೆ. ಡಾಕ್ಟ್ರು ಹಿಂಗೇ ಹೇಳಿದ್ರು."

"ನಿನಗ್ಯಾಕೆ ಇಷ್ಟು ಉಸಾಬರಿ?" ಎಂದೆ. "ನಾನು ಸತ್ತರೆ ನಿನ್ನ ದಾರಿ ಸಲೀಸು. ಬಾಯಲ್ಲಿ ಅಕ್ಕ ಅಕ್ಕ ಅಂತೀಯ, ಮನಸ್ಸಲ್ಲಿ ನನ್ನ ಮನೆ ಬೀಗದ ಕೈ ಎಣಿಸ್ತಿದೀಯ." ಪಕ್ಕದವರೆಲ್ಲ ಕೇಳಿಸಿಕೊಂಡರು. ಕೇಳಿಸಿಕೊಳ್ಳಲಿ. ತಂಗಿ ಎಂದು ನಂಬಿದ್ದವರಿಗೂ ಗೊತ್ತಾಗಲಿ.

ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಮಂಚದ ಮೇಲೆ ನನ್ನ ಕಾಲ ಬಳಿ ಕೂತಳು.

"ಅಕ್ಕ, ನೀನು ಸತ್ತರೆ ನನಗೆ ಏನು ಸಿಗುತ್ತೆ ಗೊತ್ತಾ? ಅವನು ಸಿಗ್ತಾನೆ. ಪೂರ್ತಿ. ಈಗ ತಿಂಗಳಲ್ಲಿ ಹತ್ತು ದಿನ ಬರ್ತಾನೆ. ಬಂದವನಿಗೆ ಮೀನು ಸುಟ್ಟು ಹಾಕಿ, ಬೆನ್ನು ನೀವಿ, ಆ ಲಾರಿ ಕಥೆ ಕೇಳಿ ಕೇಳಿ ನನಗೆ ಸಾಕಾಗಿರುತ್ತೆ. ಅವನು ನಿನ್ನ ಮನೆ ಕಡೆ ಹೊರಟ ದಿನ ಬಾಗಿಲು ಹಾಕ್ಕೊಂಡು ಕಾಲು ಚಾಚಿ ಕೂತ್ಕೋತೀನಿ. ಆ ಸುಖ ಹೆಂಗಿರುತ್ತೆ ಅಂತ ನಿನಗೆ ಹೇಳಿಕೊಡಬೇಕಾ? ನೀನು ಹೋದರೆ ನನ್ನ ಇಪ್ಪತ್ತು ದಿನಾನೂ ನೀನೇ ತಗೊಂಡು ಹೋದ ಹಂಗೆ. ನಾನು ಬಿಡಲ್ಲ."

ವಾರ್ಡಿನಲ್ಲಿ ಯಾರೋ ಕಿಸಕ್ಕೆಂದರು. ಒರಾಪಿನ್ ಇರಬೇಕು.

ಆ ಸುಖ ನನಗೆ ಗೊತ್ತಿಲ್ಲದೆ ಏನು. ಅವನು ಲಾರಿ ಹತ್ತಿದ ದಿನ ನಾನು ಅಡುಗೆಯನ್ನೇ ಮಾಡುವುದಿಲ್ಲ, ಒಂದು ಸೌತೆಕಾಯಿ ತಿಂದು ರೇಡಿಯೋ ಹಚ್ಚಿ ಹೊಲಿಯುತ್ತ ಕೂರುತ್ತೇನೆ. ಅದು ನನ್ನೊಬ್ಬಳದೇ ಎಂದುಕೊಂಡಿದ್ದೆ. ಅದರಲ್ಲೂ ಇವಳಿಗೆ ಪಾಲು.

ಜನವರಿ ೨೧

ಸಹಿ ಹಾಕಿದೆ. ನನ್ನನ್ನು ಕರೆದೊಯ್ಯಲು ಲಾರಿ ಬಿಟ್ಟು ಬಂದಿದ್ದ ಥವಿನ್ ಬಟ್ಟೆಯ ಚೀಲವನ್ನು ಮತ್ತೆ ಮಂಚದ ಕೆಳಗೆ ತಳ್ಳಿದ. ಕೇಸೊನ್ ನನ್ನ ತಲೆ ಕೆಟ್ಟಿದೆ ಎಂದಳು.

ಅವಳು ಹೇಳಿದಳೆಂದು ಹಾಕಿದ್ದಲ್ಲ. ಡಾಕ್ಟರ್ ಹೇಳಿದ್ದರಿಂದ ಹಾಕಿದೆ.

ಜನವರಿ ೨೩

ಬದುಕಿದ್ದೇನೆ. ಭುಜ ನೋಯುತ್ತದೆ. ಹೇಳಿದ್ದಳು.

ಜನವರಿ ೨೫

ಇವತ್ತು ದಿಂಬಿಗೆ ಒರಗಿ ಕೂತಿದ್ದೇನೆ, ಬರೆಯಬಹುದು.

ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತಂತೆ. ಒಳಗೆ ಎಲ್ಲ ಒಂದಕ್ಕೊಂದು ಅಂಟಿಕೊಂಡು, ಯಾವುದು ಪಿತ್ತಕೋಶ, ಯಾವುದು ನಾಳ ಎಂದು ಗೊತ್ತಾಗದ ಹಾಗಿತ್ತಂತೆ. ಡಾಕ್ಟರ್ ಅಂಟಿಕೊಂಡಿದ್ದ ಕಡೆ ಕೈ ಹಾಕಲಿಲ್ಲ. ಪಿತ್ತಕೋಶವನ್ನು ಮೇಲಿನಿಂದ ಸೀಳಿ ಕಲ್ಲು ತೆಗೆದು, ನಾಳಕ್ಕೆ ಅಂಟಿದ ಗೋಡೆಯನ್ನು ಅಷ್ಟಕ್ಕೇ ಬಿಟ್ಟು, ಅದರದ್ದೇ ಚೂರಿನಿಂದ ತೂತಿಗೆ ತೇಪೆ ಹಾಕಿದರು. ಎಲ್ಲ ನಾಲ್ಕು ಕಾಜಗಳೊಳಗಿಂದ. ಹರಿದ ಅಂಗಿಗೆ ಅದರ ಒಳಮಡಿಕೆಯ ಬಟ್ಟೆಯಲ್ಲೇ ತೇಪೆ ಹಾಕುವುದು ನನಗೂ ಗೊತ್ತು, ಆದರೆ ನಾನು ಅಂಗಿಯನ್ನು ತಿರುವಿ ಹಾಕಿಕೊಂಡು ಹೊಲಿಯುತ್ತೇನೆ. ಇವರು ತೋಳಿನ ತುದಿಯಿಂದ ಕೈ ಹಾಕಿ ಹೊಲಿದ ಹಾಗಾಯಿತು. ಭೇಷ್ ಎನ್ನಬೇಕು.

ಮೊದಲಿನ ನಳಿಕೆ ತೆಗೆದು, ತೇಪೆ ಗಟ್ಟಿಯಾಗುವವರೆಗೆ ನಾಳದೊಳಗೆ ರಬ್ಬರ್ ಕೊಳವೆ ಇಟ್ಟು ಹೊರಗೆ ಎಳೆದಿದ್ದಾರೆ, ತುದಿಗೆ ಚೀಲ. ಅದರಲ್ಲಿ ಪಿತ್ತ ತುಂಬುತ್ತದೆ. ಥವಿನ್ ಅದನ್ನು ನೋಡಿ ಮುಖ ತಿರುಗಿಸಿ ಹೊರಗೆ ಹೋದವನು ಮತ್ತೆ ಒಳಗೆ ಬರಲಿಲ್ಲ. ಅವಳು ಮಾತ್ರ ಒರಾಪಿನ್ ಹತ್ತಿರ ಕಲಿತು ಚೀಲ ಖಾಲಿ ಮಾಡುತ್ತಾಳೆ, ಬೆಳಕಿಗೆ ಹಿಡಿದು ಬಣ್ಣ ನೋಡುತ್ತಾಳೆ. "ಇವತ್ತು ಒಳ್ಳೇ ಹಸಿರು ಕಣಕ್ಕ" ಎಂದು ಇಡೀ ವಾರ್ಡಿಗೆ ಕೇಳಿಸುವ ಹಾಗೆ.

ಕಲ್ಲನ್ನು ಸಣ್ಣ ಶೀಶೆಯಲ್ಲಿ ಹಾಕಿ ಕೊಟ್ಟಿದ್ದಾರೆ. ನೇರಳೆಹಣ್ಣಿನ ಗಾತ್ರ. ಅವಳು ಶೀಶೆ ಹಿಡಿದುಕೊಂಡು ಹಾಸಿಗೆಯಿಂದ ಹಾಸಿಗೆಗೆ ತಿರುಗಿ ಬಂದಳು. ಪಕ್ಕದವಳ ಕಲ್ಲುಗಳು ಅದರ ಮುಂದೆ ಸಾಸಿವೆ. ಕಲ್ಲು ನನ್ನದು, ಮೆರವಣಿಗೆ ಅವಳದು. ಸಂಜೆ ಕಿಟಕಿ ಪಕ್ಕದ ಮುದುಕಿಯ ಹತ್ತಿರ ಬಹಳ ಹೊತ್ತು ನಿಂತಿದ್ದಳು. ಅಷ್ಟು ಹೊತ್ತು ಅಲ್ಲೇನು ಕೆಲಸ? ನನ್ನ ದಿಂಬು ಜಾರಿತ್ತು. ಕೂಗಿದೆ. ಬಂದಳು.

ಜನವರಿ ೨೯

ಮನೆ. ಕೊಳವೆ ಇನ್ನೂ ಮೂರು ವಾರ ಇರಬೇಕು. ಚೀಲ ನೋಡಿಕೊಳ್ಳಲು, ಗಾಯಕ್ಕೆ ಬಟ್ಟೆ ಕಟ್ಟಲು ಗೊತ್ತಿರುವವಳು ಒಬ್ಬಳೇ. ಹಾಗಾಗಿ ಅವಳೂ ಬಂದಳು. ಬೇರೆ ದಾರಿ ಇರಲಿಲ್ಲ, ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು.

ಕೇಸೊನ್ ಅಡುಗೆಮನೆಯೊಳಗೆ ಬಗ್ಗಿ ನೋಡಿ, "ಅತ್ತಿಗೆ, ಇವಳನ್ನ ಒಳಗೆ ಬಿಟ್ಟುಕೊಂಡಿದೀಯಲ್ಲ. ಊರವರು ಏನಂದಾರು?" ಎಂದಳು.

"ಸರಿ, ನೀನು ಬಂದು ಚೀಲ ಖಾಲಿ ಮಾಡು. ಬಾ, ಈಗಲೇ ತುಂಬಿದೆ" ಎಂದೆ. ಮಂಡಿನೋವು ಮರಳಿ ಬಂದು ಅವಳು ಮನೆಗೆ ಹೋದಳು.

ಫೆಬ್ರವರಿ ೪

ಬೆಳಿಗ್ಗೆ ಸಂತೆಗೆ ಹೋಗಿ ಹತ್ತು ಗಂಟೆಗೆಲ್ಲ ಬರುತ್ತಾಳೆ. ಇವತ್ತು ಹನ್ನೊಂದಾಯಿತು. ಕೇಳಿದರೆ, ಯಾರೋ ಗಿರಾಕಿ ಮಾತಿಗೆ ಹಿಡಿದರಂತೆ. ಯಾವ ಗಿರಾಕಿ, ಏನು ಮಾತು ಎಂದು ಕೇಳಿದೆ. "ಮೀನಿನ ಮಾತು ಅಕ್ಕ, ಇನ್ನೇನು" ಎಂದಳು.

ದಿನವೂ ಹೊತ್ತು ತರುವುದು ಯಾಕೆಂದು ಒಂದು ಜಾಡಿಯನ್ನು ಇಲ್ಲೇ ತಂದಿಟ್ಟಿದ್ದಾಳೆ, ಅಡುಗೆಮನೆಯ ಮೂಲೆಯಲ್ಲಿ. ಒಲೆಯ ಕಾವು ತಾಕುವಲ್ಲಿ ಇಟ್ಟಿದ್ದಳು. ಕೆಟ್ಟುಹೋಗುತ್ತದೆ ಎಂದು ನಾನೇ ನೆರಳಿಗೆ ಸರಿಸಲು ಹೇಳಿದೆ.

ನನ್ನ ಯಂತ್ರದಲ್ಲಿ ಒಂದು ನೇರ ಹೊಲಿಗೆ ಹಾಕಲು ಕಲಿಸಿದೆ. ಹಾವು ಹರಿದ ಹಾಗೆ ಹಾಕುತ್ತಾಳೆ. ಬೈದರೆ ನಗುತ್ತಾಳೆ.

ಫೆಬ್ರವರಿ ೧೦

ಆಸ್ಪತ್ರೆಯಿಂದ ಫೋನ್ ಬಂತು. ತುಣುಕಿನ ಪರೀಕ್ಷೆಯಲ್ಲಿ ಆ ರೋಗ ಇಲ್ಲ. ಬರೀ ಕಲ್ಲು. ದುವಾನ್ ಫೋನ್ ಕೆಳಗಿಟ್ಟು ಅಡುಗೆಮನೆಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿತ್ತು, ಮೆಣಸಿನಕಾಯಿ ಕುಟ್ಟುತ್ತಿದ್ದೆ ಎಂದಳು. ಊಟಕ್ಕೆ ಖಾರವೇ ಇರಲಿಲ್ಲ.

ಸಂಜೆ ಥವಿನ್ ಬಂದ. ಸುದ್ದಿ ಕೇಳಿ ನನ್ನ ತಲೆ ಸವರಿದ. ನಿಜವಾಗಿ ಸಂತೋಷಪಟ್ಟ, ಇಲ್ಲ ಎನ್ನುವುದಿಲ್ಲ. ಉಂಡು ಕೈ ತೊಳೆದು, "ದುವಾನ್, ನಡಿ, ಎರಡು ದಿನ ನಿನ್ನ ಮನೇಲಿ ಇದ್ದು ಬರೋಣ. ಬೆನ್ನು ಬಿದ್ದುಹೋಗಿದೆ" ಎಂದ. ಅವಳು ನನ್ನ ಮುಖ ನೋಡಿದಳು. ನಾನು ಹೋಗು ಎಂದೆ. ಇನ್ನೇನು ಹೇಳಲಿ? ಲಾರಿಯ ಮುಂದಿನ ಸೀಟ್ ಹತ್ತಿ ಹೋದರು.

ಆರು ವರ್ಷದಿಂದ ಆ ಲಾರಿ ಆ ಕಡೆ ತಿರುಗಿದಾಗಲೆಲ್ಲ ನನ್ನ ಹೊಟ್ಟೆ ಉರಿದಿದೆ. ಇವತ್ತು ಉರಿದ ಹಾಗೆ ಯಾವತ್ತೂ ಉರಿದಿಲ್ಲ. ಇವನಿಗೆ ಬೆನ್ನುನೋವಾದರೆ ಕೇಸೊನ್ ನೀವಲಿ. ಚೀಲ ಹೊತ್ತವಳು ನಾನಿದ್ದೇನೆ, ಕೇಳದೆ ಕೈಹಿಡಿದು ಕರೆದುಕೊಂಡು ಹೋಗುವ ಹಕ್ಕು ಇವನಿಗೆ ಯಾರು ಕೊಟ್ಟರು?

ಚೀಲ ನಾನೇ ಖಾಲಿ ಮಾಡಿಕೊಂಡೆ. ನೆಲಕ್ಕೆಲ್ಲ ಚೆಲ್ಲಿತು.

ಫೆಬ್ರವರಿ ೧೨

ಬಂದಿಲ್ಲ.

ಫೆಬ್ರವರಿ ೧೩

ಬಂದಳು. ಎರಡು ದಿನ ಎಂದಿದ್ದವನು ಮೂರು ದಿನ ಇಟ್ಟುಕೊಂಡ. ಅವಳು ಗಾಯ ನೋಡಿ, "ಬಟ್ಟೆ ಯಾರು ಕಟ್ಟಿದ್ದು, ಕತ್ತೆನಾ?" ಎಂದಳು. ನಾನೇ ಕಟ್ಟಿಕೊಂಡದ್ದು. ಮಧ್ಯಾಹ್ನದವರೆಗೆ ಮಾತಾಡಲಿಲ್ಲ. ಆಮೇಲೆ ಆಡಿದೆ.

ಫೆಬ್ರವರಿ ೧೯

ಆಸ್ಪತ್ರೆಗೆ ಹೋಗಿ ಬಂದೆವು, ಮೂವರೂ. ಕೊಳವೆಯಲ್ಲಿ ಔಷಧಿ ಬಿಟ್ಟು ಎಕ್ಸ್‌ರೇ ತೆಗೆದರು. ಎಲ್ಲೂ ಸೋರುತ್ತಿಲ್ಲ, ಎಲ್ಲೂ ಕಟ್ಟಿಲ್ಲ. ಡಾಕ್ಟರ್ ವಿಟೂನ್ ಕೊಳವೆಯನ್ನು ಎಳೆದರು, ಒಂದು ಕ್ಷಣ ಕರುಳು ಎಳೆದ ಹಾಗಾಯಿತು, ಮುಗಿಯಿತು. "ದೊಡ್ಡಮ್ಮ, ಇನ್ನು ಹಸಿ ಮೀನು ಮುಟ್ಟಬೇಡಿ. ಆ ಕಾಯಿಲೆ ಈ ಸಲ ಬರಲಿಲ್ಲ ಅಂತ ಯಾವತ್ತೂ ಬರಲ್ಲ ಅಂತಲ್ಲ" ಎಂದರು. ದುವಾನ್ ನನ್ನ ಪರವಾಗಿ ಹೂಂ ಎಂದಳು.

ಅವಳನ್ನು ಸಂತೆಯ ಬಳಿ ಇಳಿಸಿ ನಾವಿಬ್ಬರೂ ಮನೆಗೆ ಬಂದೆವು. ಥವಿನ್ ಮೆಟ್ಟಿಲ ಮೇಲೆ ಕೂತು, ಬಹಳ ಹೊತ್ತು ಕೆಮ್ಮಿ, ಹೇಳಿದ.

"ನಿನ್ನನ್ನ ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋದ ದಿನ ನಾನು ಊರಿಗೆ ಬಂದು, ಊರು ಕಾಯೋ ದೇವ್ರು ಕಾವಲಜ್ಜನ ಗುಡೀಲಿ ಹರಕೆ ಹೊತ್ತೆ. ನೀನು ಬದುಕಿ ಬಂದರೆ ದುವಾನ್‌ನ ಬಿಟ್ಟುಬಿಡ್ತೀನಿ ಅಂತ. ಈಗ ಕೊಳವೇನೂ ತೆಗೆದಾಯ್ತು. ಹರಕೆ ತೀರಿಸಬೇಕು. ಇನ್ನು ನಾನು ಎಲ್ಲೂ ಹೋಗಲ್ಲ ಬುವಾಖಾಮ್, ತಿಂಗಳೆಲ್ಲ ಇಲ್ಲೇ ಇರ್ತೀನಿ."

ಅವನ ಕಣ್ಣಲ್ಲಿ ನೀರಿತ್ತು. ಮದುವೆಯಾದ ಮೇಲೆ ಇವನು ನನ್ನ ಹೆಸರನ್ನು ಇಷ್ಟು ಮೆತ್ತಗೆ ಕರೆದದ್ದು ನೆನಪಿಲ್ಲ. ಆರು ವರ್ಷ ಈ ಮಾತಿಗಾಗಿ ಕಾದಿದ್ದೇನೆ. ಬುದ್ಧನ ಮುಂದೆ ಕೂತು ಬೇಡಿಕೊಂಡಿದ್ದೇನೆ.

"ನಿನ್ನನ್ನ ಯಾರು ಕೇಳಿದ್ದರು?" ಎಂದೆ.

ಕಣ್ಣು ಒರೆಸಿಕೊಳ್ಳುತ್ತಿದ್ದವನು ಕೈ ಕೆಳಗಿಳಿಸಿದ.

"ಹಂದಿ ತಲೆ ಕೊಡ್ತೀನಿ ಅಂತ ಹೊತ್ಕೋಬಾರದಿತ್ತಾ? ನೂರು ಮೊಟ್ಟೆ ಹೊತ್ಕೋಬಾರದಿತ್ತಾ? ಊರವರೆಲ್ಲ ಅದನ್ನೇ ಹೊತ್ಕೊಳ್ಳೋದು. ಬಿಡೋಕೆ ನಿನಗೆ ಅವಳೇ ಸಿಕ್ಕಿದಳಾ?"

"ನಿನಗೆ ಖುಷಿ ಆಗುತ್ತೆ ಅಂದ್ಕೊಂಡೆ" ಎಂದ. ಪಾಪ.

ಖುಷಿಯಂತೆ. ಇವನು ಬಿಟ್ಟ ಮೇಲೆ ಅವಳು ಯಾವ ನೆಂಟಸ್ತಿಕೆಯ ಮೇಲೆ ನನ್ನ ಮನೆ ಮೆಟ್ಟಿಲು ಹತ್ತುತ್ತಾಳೆ? ಸಂತೆಯ ಪ್ಲಾರಾದವಳು, ಅಷ್ಟೆ. ಎದುರಿಗೆ ಸಿಕ್ಕರೆ ತೂಕ ಕೇಳಬೇಕು, ಚೌಕಾಸಿ ಮಾಡಬೇಕು. ಗುಡಿಯಲ್ಲಿ ಆಡಿದ ಮಾತು ತಪ್ಪುವ ಹಾಗೂ ಇಲ್ಲ. ತಪ್ಪಿದರೆ ಅಜ್ಜ ಸುಮ್ಮನಿರುವುದಿಲ್ಲ. ಎಲ್ಲ ಹಾಳುಮಾಡಿಟ್ಟ. ಅವನು ಬೇಯಿಸಿಕೊಂಡು ತಂದ ಗಂಜಿಯನ್ನು ನಾನು ಮುಟ್ಟಲಿಲ್ಲ.

ಫೆಬ್ರವರಿ ೨೨

ಎರಡು ದಿನ ಅವಳು ಬರಲಿಲ್ಲ. ಥವಿನ್ ಹೋಗಿ ಹೇಳಿ ಬಂದಿದ್ದಾನೆ ಎಂದು ಗೊತ್ತಿತ್ತು. ಅವಳು ಏನೆಂದಳು ಎಂದು ಕೇಳಿದರೆ, "ಏನೂ ಅನ್ನಲಿಲ್ಲ, ಮೀನು ತೂಗ್ತಿದ್ದಳು" ಎಂದ. ಇಂಥವನ ಹತ್ತಿರ ಸುದ್ದಿ ಕೇಳುವುದೂ ಒಂದೇ, ಎತ್ತಿನ ಹತ್ತಿರ ಕೇಳುವುದೂ ಒಂದೇ.

ಇವತ್ತು ಬೆಳಿಗ್ಗೆ ನಾನೇ ಹೊರಟೆ. ಆಪರೇಷನ್ ಆದ ಮೇಲೆ ಒಬ್ಬಳೇ ಹೊರಗೆ ಕಾಲಿಟ್ಟದ್ದು ಇದೇ ಮೊದಲು. ನೀಲಿ ಕುಪ್ಪಸ ಹಾಕಿಕೊಂಡೆ. ಸಂತೆಗೆ ಹೋಗುವಾಗ ಎಲ್ಲರೂ ಏನಾದರೂ ಒಳ್ಳೆಯದು ಹಾಕಿಕೊಳ್ಳುತ್ತಾರೆ.

ಅವಳು ಜಾಡಿಯಿಂದ ಮೀನು ಎತ್ತಿ ಹಾಕುತ್ತಿದ್ದಳು. ನನ್ನನ್ನು ನೋಡಿ, ಮುಂಗೈಯಿಂದ ಮುಕ್ಕಾಲಿ ಒರೆಸಿ ತಳ್ಳಿದಳು. "ನಡ್ಕೊಂಡು ಬಂದ್ಯಾ? ಹೊಲಿಗೆ ಬಿಚ್ಚಿಕೊಂಡರೆ ಡಾಕ್ಟ್ರು ನನಗೇ ಬಯ್ಯೋದು."

ಕೂತೆ. ಗಿರಾಕಿಗಳು ಬಂದು ಹೋದರು.

"ಅವನು ಹರಕೆ ಹೊತ್ತಿದ್ದು ನನಗೆ ಗೊತ್ತಿರಲಿಲ್ಲ" ಎಂದೆ.

"ಗೊತ್ತು ಬಿಡಕ್ಕ."

"ನಾನು ಹೇಳಿಸಿದ್ದಲ್ಲ."

"ಅದೂ ಗೊತ್ತು. ಬಿಡ್ತೀನಿ ಅಂದ, ಬಿಟ್ಟ. ಅವನ ಎರಡು ಅಂಗಿ, ಒಂದು ಲುಂಗಿ ನನ್ನ ಮನೇಲಿವೆ. ಕೊಟ್ಟು ಕಳಿಸ್ತೀನಿ." ಮೀನಿನ ಮೇಲೆ ಮುಚ್ಚಳ ಹಾಕಿ ನನ್ನ ಕಡೆ ತಿರುಗಿದಳು. "ನೀನೂ ಏನಾದರೂ ಹರಕೆ ಹೊತ್ತಿದೀಯಾ, ನನ್ನನ್ನ ಬಿಡ್ತೀನಿ ಅಂತ?"

"ಇಲ್ಲ" ಎಂದೆ.

"ಮತ್ತೆ ಯಾಕೆ ಹೆಣ ಕಾಯೋಳ ಥರ ಕೂತಿದೀಯಾ? ಬಾಯಿ ತೆರಿ" ಎಂದು ಅಂಟಕ್ಕಿ ಅನ್ನದ ಉಂಡೆಯೊಂದನ್ನು ಸುಟ್ಟ ಬದನೆಕಾಯಿ ಚಟ್ನಿಯಲ್ಲಿ ಅದ್ದಿ ನನ್ನ ಬಾಯಿಗಿಟ್ಟಳು. ಕೈ ತೊಳೆದಿರಲಿಲ್ಲ. ತಿಂದೆ.

"ಹಾಗಾದರೆ ನಾಳೆ ಬರ್ತೀಯಾ?" ಎಂದೆ.

"ನಾಳೆ ಆಗಲ್ಲ. ನಾಲ್ಕೈದು ದಿನ ಆಗಲ್ಲ ಅಕ್ಕ. ಆ ಬಿದಿರಿನ ಕಳಲೆ ಮಾರೋಳು ಇದಾಳಲ್ಲ, ಅವಳತ್ತೆ ವಾರ್ಡ್ ಸೇರಿದಾಳೆ. ಹಳದಿಯಂತೆ. ನಿನ್ನದೇ ಥರ ಕಲ್ಲು ನಾಳದೊಳಗೆ ಕೊರೆದುಬಿಟ್ಟಿದೆಯಂತೆ, ಕ್ಯಾಮೆರಾ ಹಾಕಿ ಮಾಡ್ತಾರಂತೆ. ಇವಳಿಗೆ ಕೈಕೂಸಿದೆ, ಜೊತೆಗಿರೋಕೆ ಬೇರೆ ಯಾರೂ ಇಲ್ಲ. ಒರಾಪಿನ್ ಫೋನ್ ಮಾಡಿ, ದುವಾನ್ ನಿನಗೆ ಚೀಲಗೀಲ ಎಲ್ಲ ಗೊತ್ತು, ಬಾ ಅಂದಳು."

"ಹೋಗು" ಎಂದೆ. "ನನಗೇನು."

ಮನೆಗೆ ಬಂದೆ. ಥವಿನ್ ಮೆಟ್ಟಿಲ ಮೇಲೆ ಕೂತು ಲಾರಿಯ ಯಾವುದೋ ಬೋಲ್ಟಿನ ಕಥೆ ಶುರುಮಾಡಿದ್ದಾನೆ, ಇನ್ನೂ ಮುಗಿದಿಲ್ಲ. ಹೂಂ ಎನ್ನುತ್ತಲೇ ಇದನ್ನು ಬರೆಯುತ್ತಿದ್ದೇನೆ.

ನೂರಕ್ಕೆ ಒಬ್ಬರಿಗೆ ಎಂದಿದ್ದರು ಡಾಕ್ಟರ್. ಇಷ್ಟು ಬೇಗ ಇನ್ನೊಬ್ಬಳು ಎಲ್ಲಿಂದ ಬಂದಳು? ಯಾರೋ ಕಳಲೆಯವಳ ಅತ್ತೆ, ಮುಖ ಕಂಡಿಲ್ಲ, ಗುರುತಿಲ್ಲ, ಬಂದು ಮಲಗಿಬಿಟ್ಟಿದ್ದಾಳೆ. ನಾಳೆ ಇಷ್ಟು ಹೊತ್ತಿಗೆ ಅವಳಿಗೆ ದುವಾನ್ ಚಮಚದಲ್ಲಿ ನೀರು ಕುಡಿಸುತ್ತಿರುತ್ತಾಳೆ. ಹಳದಿಯಂತೆ. ನನ್ನಷ್ಟು ಹಳದಿಯೇನೂ ಇರಲಿಕ್ಕಿಲ್ಲ.